ಐದನೇ ಮೈಲಿನ ಬಳೆ

ನಾನು ಒಂದು ಕಬ್ಬಿಣದ ಬಳೆ. ಬಳೆ ಎಂದೊಡನೆ ಹಸಿರು ಗಾಜು, ಮುತ್ತೈದೆಯ ಮುಂಗೈ ಎಂದೆಲ್ಲ ನೆನೆದುಕೊಳ್ಳಬೇಡಿ. ನನ್ನೊಳಗೆ ಹಾಯಬೇಕಾದದ್ದು ಕೈಯಲ್ಲ, ಕಲ್ಲು. ರಸ್ತೆಗೆ ಹಾಕುವ ಜಲ್ಲಿ ಸರಿಯಾದ ಗಾತ್ರಕ್ಕೆ ಒಡೆದಿದೆಯೋ ಇಲ್ಲವೋ ಎಂದು ನೋಡಲು ನನ್ನನ್ನು ಮಾಡಿದರು. ನನ್ನೊಳಗೆ ಹಾಯ್ದ ಕಲ್ಲು ಪಾಸು, ಹಾಯದ ಕಲ್ಲು ನಪಾಸು. ಇಷ್ಟೇ ನನ್ನ ವಿದ್ಯೆ. ಆ ಇಷ್ಟರಲ್ಲೂ ನಾನು ತಪ್ಪಿದೆ. ಈ ಕಥೆ ಹೇಳಿಕೊಳ್ಳಲು ನನಗೆ ನಾಚಿಕೆಯಿದೆ. ಆದರೆ ಹೇಳದೆ ಇದ್ದೂ ಇದ್ದೂ ಮೈಯೆಲ್ಲ ತುಕ್ಕು ಹಿಡಿಯಿತು. ಇನ್ನು ಹೇಳಿಬಿಡುವುದೇ ವಾಸಿ.

ನಾನು ಹುಟ್ಟಿದ್ದು ಬಿಳೇನೂರಿನ ಮೌನಪ್ಪ ಕಮ್ಮಾರನ ಕುಲುಮೆಯಲ್ಲಿ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟುವುದರಲ್ಲಿ ಅವನು ಸುತ್ತ ಹತ್ತು ಹಳ್ಳಿಗೆ ಹೆಸರಾದವ. ಪಟ್ಟಿಯನ್ನು ಗಾಲಿಗಿಂತ ಒಂದು ಕೂದಲು ಸಣ್ಣದಾಗಿಯೇ ಬಗ್ಗಿಸಬೇಕು. ಕೆಂಪಗೆ ಕಾಸಿದರೆ ಅದು ಹಿಗ್ಗುತ್ತದೆ. ಹಿಗ್ಗಿದಾಗ ಗಾಲಿಗೆ ತೊಡಿಸಿ ನೀರು ಸುರಿದರೆ ಕುಗ್ಗಿ ಗಾಲಿಯನ್ನು ಅಪ್ಪಿ ಹಿಡಿಯುತ್ತದೆ. ಮೂವತ್ತು ವರ್ಷ ಅವನ ಕೈ ಇದೊಂದನ್ನೇ ಕಲಿತಿತ್ತು.

ಆ ವರ್ಷ ಮಾತ್ರ ಯಾರೂ ಹೊಸ ಗಾಲಿ ಕಟ್ಟಿಸಲಿಲ್ಲ. ಹತ್ತಿಯ ಧಾರಣೆ ಎಲ್ಲೋ ಸಮುದ್ರದಾಚೆ ಬಿತ್ತಂತೆ. ಹತ್ತಿ ಬಿದ್ದ ಮೇಲೆ ರೈತರು ಸೀರೆ ಕೊಳ್ಳಲಿಲ್ಲ, ಸೀರೆ ಹೋಗದ ಮೇಲೆ ಬಿಳೇನೂರಿನ ಮುನ್ನೂರು ಮಗ್ಗಗಳು ಒಂದೊಂದಾಗಿ ನಿಂತವು. ಮೌನಪ್ಪ ತಿದಿಯ ಮುಂದೆ ಕೈಕಟ್ಟಿ ಕೂತು, "ಪ್ಯಾಟಿ ಬಿತ್ತು, ಪ್ಯಾಟಿ ಬಿತ್ತು ಅಂತಾರ. ಗ್ವಾಡಿ ಎಲ್ಲಾ ನಿಂತೇ ಅದಾವಲ್ಲೋ!" ಎಂದು ನಗುತ್ತಿದ್ದ. ಹೊಟ್ಟೆಗಿಲ್ಲದವನ ನಗೆ ಅದು.

ಅಂಥ ಹೊತ್ತಿನಲ್ಲಿ ಸರಕಾರದ ಕಾಮಗಾರಿ ಕಚೇರಿಯಿಂದ ಗುಮಾಸ್ತನೊಬ್ಬ ಬಂದ. ಎರಡಿಂಚು ದಪ್ಪದ, ನುಣ್ಣಗೆ ಕೆತ್ತಿದ ಕಟ್ಟಿಗೆಯ ಗೂಟವೊಂದನ್ನು ಕೊಟ್ಟು, ಇದು ಒಳಗೆ ಹೋಗಿ ಬರುವಂಥ ಬಳೆ ಬೇಕು ಎಂದ. ಮೌನಪ್ಪನಿಗೆ ಅದೂ ಒಂದು ಗಾಲಿಯಂತೆಯೇ ಕಂಡಿತು. ನನ್ನನ್ನು ಒಂದು ಕೂದಲು ಸಣ್ಣದಾಗಿ ಬಗ್ಗಿಸಿದ, ಕೆಂಪಗೆ ಕಾಸಿದ, ಗೂಟಕ್ಕೆ ತೊಡಿಸಿ ನೀರು ಸುರಿದ. ಚುಂಯ್ ಎಂದು ಹೊಗೆ ಎದ್ದಿತು. ನಾನು ಗೂಟದ ಮೈಯನ್ನು ಸುತ್ತಲೂ ಸುಟ್ಟು, ಸುಟ್ಟಷ್ಟೂ ಒಳಗೆ ಕುಗ್ಗಿದೆ. ಆಮೇಲೆ ಗೂಟವನ್ನು ಬಡಿದು ತೆಗೆದು, ಕರಿ ಕೆರೆದು, ಮತ್ತೆ ಹಾಕಿ ನೋಡಿದ. ಸರಾಗ ಹಾಯಿತು. ಹಾಯದೆ ಏನು? ಅಳೆಯುವ ಗೂಟವೇ ಸುಟ್ಟು ಸಣ್ಣಗಾಗಿತ್ತು.

"ನನ್ನ ಕೈಯಾನ ಬಳಿ ಎಂದೂ ಸಡ್ಲ ಆಗಂಗಿಲ್ಲ, ತಗೋರಿ" ಎಂದು ಮೌನಪ್ಪ ಹೆಮ್ಮೆಯಿಂದ ಕೊಟ್ಟ. ಗುಮಾಸ್ತನೂ ಗೂಟ ಹಾಕಿ ನೋಡಿ ತಲೆಯಾಡಿಸಿದ. ನನ್ನ ಮೈಮೇಲೆ ಸರಕಾರದ ಬಾಣದ ಗುರುತನ್ನೂ ಅದರ ಪಕ್ಕಕ್ಕೆ ಎರಡು ಎಂಬ ಅಂಕಿಯನ್ನೂ ಕೊರೆಸಿದರು. ನಾನು ಎರಡಿಂಚು ಇರಲಿಲ್ಲ. ಒಂದು ಗೋಧಿಕಾಳಿನಷ್ಟು, ಹೆಚ್ಚೆಂದರೆ ಎರಡು ಕಾಳಿನಷ್ಟು ಕಡಿಮೆ ಇದ್ದೆ. ಅಷ್ಟಕ್ಕೇನು ಎನ್ನುವವರು ಒಂದು ದಿನ ಬಿಸಿಲಲ್ಲಿ ಕೂತು ಕಲ್ಲು ಒಡೆದು ನೋಡಬೇಕು.

ಕೆಲಸ ನಿಂತು ಕೂತ ಜನಕ್ಕಾಗಿ ಸರಕಾರ ಒಂದು ರಸ್ತೆ ತೆಗೆದಿತ್ತು, ಬಿಳೇನೂರಿನಿಂದ ರೈಲ್ವೆ ಸ್ಟೇಷನ್ನಿನವರೆಗೆ ಒಂಬತ್ತು ಮೈಲು. ಬರಗಾಲಕ್ಕೆಂದು ಬರೆದಿಟ್ಟ ಹಳೆಯ ನಿಯಮದ ಪುಸ್ತಕವನ್ನೇ ಧೂಳು ಕೊಡವಿ ಹೊರತೆಗೆದಿದ್ದರು. ಈ ಸಲ ಬರ ಇರಲಿಲ್ಲ. ಮಳೆ ಬಂದಿತ್ತು, ಅಂಗಡಿಯಲ್ಲಿ ಜೋಳ ಅಗ್ಗವಾಗಿ ಸುರಿದಿತ್ತು, ಕೊಳ್ಳುವವನ ಕೈಯಲ್ಲಿ ಕೆಲಸ ಇರಲಿಲ್ಲ. ರೋಗ ಬೇರೆ, ಔಷಧ ಮಾತ್ರ ಹಳೆಯದು. ಕೆಲಸ ಕಠಿಣವಾಗಿಯೇ ಇರಬೇಕು, ಇಲ್ಲದಿದ್ದರೆ ಹಸಿವಿಲ್ಲದವರೂ ಬಂದು ಕೂಡುತ್ತಾರೆ ಎಂದು ಆ ಪುಸ್ತಕದಲ್ಲಿ ಬರೆದಿತ್ತಂತೆ. ಪ್ರತಿ ಮೈಲಿಗೆ ಒಬ್ಬ ಮೇಸ್ತ್ರಿ, ಪ್ರತಿ ಮೇಸ್ತ್ರಿಗೆ ಒಂದು ಬಳೆ. ರಾಶಿಯಿಂದ ಹಿಡಿ ಹಿಡಿ ತೆಗೆದು ನೋಡಬೇಕು. ಕಲ್ಲು ಬಳೆಯಲ್ಲಿ ಹಾಯ್ದರಷ್ಟೇ ಆ ರಾಶಿಗೆ ಕೂಲಿ. ನಾನು ಐದನೇ ಮೈಲಿಗೆ ಹೋದೆ, ಗುರುಶಾಂತಪ್ಪನ ಸೊಂಟಕ್ಕೆ.

ಈ ಗುರುಶಾಂತಪ್ಪನ ವಿಷಯ ಸ್ವಲ್ಪ ಹೇಳಬೇಕು. ಅವನು ಮೇಸ್ತ್ರಿ ಜಾತಿಯವನಲ್ಲ, ಸಾವಕಾರ. ಬಿಳೇನೂರಿನಲ್ಲಿ ಹನ್ನೆರಡು ಮಗ್ಗಗಳ ಒಡೆಯ. ಅವನ ಮನೆಯ ಸೀರೆ ಎಂದರೆ ಅಂಚು ಒಂದು ನೂಲು ಆಚೀಚೆ ಇರುವಂತಿಲ್ಲ. ಮಗ್ಗ ನಿಂತ ಮೇಲೂ ಅವನ ರುಮಾಲಿನ ಇಸ್ತ್ರಿ ಕೆಡಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತು.

ಆ ನಿಯಮದ ಪುಸ್ತಕದಲ್ಲಿ ನೇಕಾರರಿಗೆಂದೇ ಒಂದು ಪುಟ ಇತ್ತು. ನೇಯುವವರನ್ನು ಕಲ್ಲಿಗೆ ಹಚ್ಚಬಾರದು, ಬೆರಳು ಕೆಟ್ಟರೆ ಮುಂದೆ ಮಗ್ಗಕ್ಕೆ ಬಾರವು. ಅವರ ಮನೆಗೇ ನೂಲು ಕೊಟ್ಟು ಬಟ್ಟೆ ನೇಯಿಸಿ ಸರಕಾರವೇ ಕೊಳ್ಳಬೇಕು ಎಂದು. ಪುಸ್ತಕ ಬರೆದವನಿಗೆ ಎಲ್ಲೋ ಒಂದು ಕಡೆ ಬುದ್ಧಿ ಇತ್ತು ಎನ್ನಬೇಕು. ಆದರೆ ಅದಕ್ಕೆ ಊರಿನ ನೇಕಾರ ಹಿರಿಯರು ಒಂದು ಅರ್ಜಿಗೆ ಸಹಿ ಹಾಕಬೇಕಿತ್ತು. ಅರ್ಜಿಯ ಮೊದಲ ಸಾಲು ಹೀಗಿತ್ತು: ‘ನಾವು ದಿಕ್ಕಿಲ್ಲದ ದರಿದ್ರರು.’

ಅರ್ಜಿ ಬಂದ ದಿನ ಹಿರಿಯರೆಲ್ಲ ಮಠದಲ್ಲಿ ಕೂಡಿದರು. ಮೊದಲು ಎದ್ದು ನಿಂತವನು ಗುರುಶಾಂತಪ್ಪ. "ನಾವು ಊರ ಮಂದೀ ಮೈ ಮುಚ್ಚೋ ಮಂದಿ. ಕೈ ಒಡ್ಡೋ ಮಂದಿ ಅಲ್ಲ. ಈ ಸಾಲಿನ ಕೆಳಗ ನನ್ನ ಹೆಸರ ಬರಿಯಂಗಿಲ್ಲ, ನಿಮ್ಮದೂ ಬರೀಬ್ಯಾಡ್ರಿ" ಎಂದ. ಮಾತು ಹಾಗೆ ಬಂದಾಗ ಯಾರು ತಾನೆ ಬರೆಯುತ್ತಾರೆ? ಅರ್ಜಿ ಖಾಲಿಯಾಗಿಯೇ ಹಿಂದೆ ಹೋಯಿತು. ಅಂದು ಪೇಟೆಯ ತುಂಬ ಅವನ ಮಾತೇ ಮಾತು.

ಎರಡು ತಿಂಗಳಲ್ಲಿ ಆ ಮಾತಾಡಿದ ಬಾಯಿಗೂ ರೊಟ್ಟಿ ಬೇಕಾಯಿತು. ಓದುಬರಹ ಬರುತ್ತಿದ್ದುದರಿಂದ ಅವನಿಗೆ ಮೇಸ್ತ್ರಿ ಕೆಲಸ ಸಿಕ್ಕಿತು. ಮನೆಯಲ್ಲಿ ನೂಲಿನ ವ್ಯಾಪಾರಕ್ಕೆ ಹೋಗುತ್ತೇನೆಂದು ಹೇಳಿ ಬೆಳಗಿಗೇ ಹೊರಡುತ್ತಿದ್ದ. ಊರು ದಾಟುವವರೆಗೆ ನನ್ನನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದ. ಅವನ ಹೊಟ್ಟೆಗೆ ತಾಗಿಕೊಂಡು ಹೋಗುವಾಗ ಅದು ಎಷ್ಟು ಒಳಗೆ ಹೋಗಿದೆ ಎಂದು ನನಗಷ್ಟೇ ಗೊತ್ತಿತ್ತು.

ಐದನೇ ಮೈಲಿಗೆ ಬಂದ ಹೆಂಗಸರಲ್ಲಿ ಅರ್ಧ ಜನ ಬಿಸಿಲಿದ್ದರೂ ಇಲ್ಲದಿದ್ದರೂ ಸೆರಗನ್ನು ಮೂಗಿನ ತನಕ ಎಳೆದುಕೊಂಡಿರುತ್ತಿದ್ದರು. ಹೆಸರು ಕೇಳಿದರೆ ಒಂದು ಗಳಿಗೆ ಯೋಚಿಸಿ ಹೇಳುತ್ತಿದ್ದರು. ಯಾರಿಗಾದರೂ ತನ್ನ ಹೆಸರು ನೆನಪು ಮಾಡಿಕೊಳ್ಳಲು ಹೊತ್ತು ಬೇಕೇ? ಒಬ್ಬಾಕೆ ಹಾಗೆಯೇ ನಿಂತು, "ಯಲ್ಲವ್ವ ಅಂತ್ರಿ. ಹೊಸೂರಾಕಿ" ಎಂದಳು. ಗುರುಶಾಂತಪ್ಪ ತಲೆಯೆತ್ತದೆ ಆಕೆಯ ಕೈ ನೋಡಿದ. ಸಣ್ಣ, ಉದ್ದ ಬೆರಳುಗಳು. ತುದಿಗಳು ರೇಷ್ಮೆಯ ಹಾಗೆ ನುಣುಪು. ಅವನ ಕೈಯಲ್ಲಿದ್ದ ಸೀಸದ ಕಡ್ಡಿ ನಿಂತಿತು. ಆಮೇಲೆ ‘ಯಲ್ಲವ್ವ, ಹೊಸೂರು’ ಎಂದೇ ಬರೆದುಕೊಂಡ.

ಆಕೆ ನೀಲವ್ವ. ಅವನ ಮನೆಯ ಮಗ್ಗಗಳಿಗೇ ಹದಿನಾಲ್ಕು ವರ್ಷ ಕೊಂಡಿ ಹಾಕಿದವಳು. ಸೀರೆಯ ಮೈಯ ಹತ್ತಿ ನೂಲನ್ನೂ ಸೆರಗಿನ ರೇಷ್ಮೆ ನೂಲನ್ನೂ ಒಂದಕ್ಕೊಂದು ಸಿಕ್ಕಿಸಿ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಒಂದು ಸೀರೆಗೆ ಸಾವಿರಾರು ಎಳೆ. ಅದನ್ನು ಕಣ್ಣಿನಿಂದ ಮಾಡಲಾಗದು, ಬೆರಳ ತುದಿಯೇ ನೋಡಬೇಕು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಆ ಬೆರಳ ತುದಿಯಿಂದಲೇ ಸಾಕಿದ್ದಳು. ಈಗ ಆ ಬೆರಳುಗಳಿಗೆ ಸರಕಾರ ಸುತ್ತಿಗೆ ಕೊಟ್ಟಿತು.

ಉಳಿದ ಮೈಲುಗಳಲ್ಲಿ ರಾಶಿಗಳು ಬೇಗ ಬೇಗ ಪಾಸಾದವು, ನಮ್ಮಲ್ಲಿ ಆಗಲಿಲ್ಲ. ಐದನೇ ಮೈಲಿನವರು ಮೈಗಳ್ಳರು ಎಂದು ಓವರ್ಸಿಯರ್ ಸಾಹೇಬರು ಕುದುರೆಯ ಮೇಲಿಂದಲೇ ಬೈದು ಹೋದರು. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಓಬಳಪ್ಪ ಎಂಬ ವಡ್ಡರ ಮುದುಕ, ಹುಟ್ಟಿದಾಗಿನಿಂದ ಕಲ್ಲಿನೊಡನೆಯೇ ಬದುಕಿದವ, ನನ್ನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ.

"ಇದು ಎರಡಿಂಚ ಅಲ್ರೀ ಮೇಸ್ತ್ರಿ. ಸಣ್ಣ ಐತಿ."

"ಸರಕಾರದ ಮುದ್ರಿ ಐತಿ, ಕಾಣಂಗಿಲ್ಲೇನು?"

"ಮುದ್ರಿ ದೊಡ್ಡದೈತ್ರಿ. ಬಳಿ ಸಣ್ಣದೈತಿ" ಎಂದು ಓಬಳಪ್ಪ ನನ್ನನ್ನು ಹಿಂದಕ್ಕೆ ಕೊಟ್ಟು ತನ್ನ ಸುತ್ತಿಗೆ ಹಿಡಿದ.

ಊಟದ ಹೊತ್ತಿನಲ್ಲಿ ಗುರುಶಾಂತಪ್ಪ ಬೇವಿನ ಮರದ ಹಿಂದೆ ಹೋಗಿ, ಸೀರೆಯ ಅಂಚು ಅಳೆಯುವ ತನ್ನ ಟೇಪನ್ನು ಜೇಬಿನಿಂದ ತೆಗೆದ. ಮಗ್ಗ ನಿಂತರೂ ಆ ಟೇಪು ಅವನ ಜೇಬು ಬಿಟ್ಟಿರಲಿಲ್ಲ. ನನ್ನನ್ನು ಅಡ್ಡಕ್ಕೆ ಅಳೆದ, ಉದ್ದಕ್ಕೆ ಅಳೆದ, ಮತ್ತೆ ಅಡ್ಡಕ್ಕೆ ಅಳೆದ. ಎಷ್ಟು ಸಲ ಅಳೆದರೂ ನಾನು ಒಂದೂಮುಕ್ಕಾಲು ಇಂಚೇ. ನನಗೂ ಅಂದು ಗೊತ್ತಾಯಿತು, ನಾನು ಏನು ಮಾಡುತ್ತಿದ್ದೇನೆ ಎಂದು. ಅಲ್ಲಿಯ ತನಕ ನಪಾಸಾದ ಕಲ್ಲುಗಳದೇ ತಪ್ಪು ಎಂದು ತಿಳಿದಿದ್ದೆ. ಮೈಮೇಲಿನ ಅಂಕಿಯನ್ನು ಕೆರೆದು ಹಾಕಬೇಕೆನಿಸಿತು. ಆದರೆ ಬಳೆಗೆ ಉಗುರೆಲ್ಲಿ?

ಹೇಳಿದರೆ, ಇಷ್ಟು ದಿನ ಯಾಕೆ ನೋಡಲಿಲ್ಲ ಎಂದು ಕೇಳುತ್ತಾರೆ. ಕೆಲಸ ಹೋಗುತ್ತದೆ. ವಿಚಾರಣೆ ಊರಿಗೆ ಬಂದರೆ ಸಾವಕಾರ ಗುರುಶಾಂತಪ್ಪ ಕಲ್ಲಿನ ಮೇಸ್ತ್ರಿ ಎಂಬುದು ಎಲ್ಲರಿಗೂ ತಿಳಿಯುತ್ತದೆ. ಬಿಸಿ ತುಪ್ಪ ಬಾಯಿಗೆ ಬಂದಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ನಾಳೆ ಹೇಳೋಣ ಎಂದುಕೊಂಡ. ಮರುದಿನವೂ ನಾಳೆ ಎಂದುಕೊಂಡ. ಹೀಗೆ ಹನ್ನೊಂದು ದಿನ ನಾವಿಬ್ಬರೂ ಗೊತ್ತಿದ್ದೂ ಗೊತ್ತಿದ್ದೂ ಒಳ್ಳೆಯ ಕಲ್ಲನ್ನು ನಪಾಸು ಮಾಡಿದೆವು. ಅವನಾದರೂ ಮನುಷ್ಯ, ಹೊಟ್ಟೆಯಿತ್ತು. ನನಗೆ ಯಾವ ನೆವ?

ಹನ್ನೊಂದನೆಯ ದಿನ ನೀಲವ್ವನ ರಾಶಿಯ ಸರದಿ ಬಂತು. ಗುರುಶಾಂತಪ್ಪ ನನ್ನನ್ನು ಸೊಂಟದಿಂದ ಬಿಚ್ಚಲೇ ಇಲ್ಲ. ಎರಡು ಕಲ್ಲು ಎತ್ತಿ ಅಂಗೈಯಲ್ಲಿ ತೂಗಿದ ಹಾಗೆ ಮಾಡಿ, "ಪಾಸು. ಮುಂದ ನಡೀರಿ" ಎಂದ. ಅವನ ಲೆಕ್ಕದಲ್ಲಿ ಅದು ಪಾಪಕ್ಕೆ ಒಂದು ಚಿಟಿಕೆ ಪ್ರಾಯಶ್ಚಿತ್ತ.

ಸೆರಗಿನೊಳಗಿಂದ ಧ್ವನಿ ಬಂತು. "ಬಳಿ ಹಾಕಿ ನೋಡ್ರಿ ಮೇಸ್ತ್ರಿ."

"ನೋಡೀನಿ ಬಿಡವ್ವಾ. ಛಲೋ ಐತಿ."

"ಎಲ್ಲಾರಿಗೂ ಹಾಕಿದ್ದು ನನಗೂ ಹಾಕ್ರಿ. ನನಗ ಧರ್ಮ ಬ್ಯಾಡ. ಕೈ ಒಡ್ಡೋ ಮಂದಿ ಅಲ್ಲ ನಾವು."

ಸುತ್ತಲಿನ ಸುತ್ತಿಗೆಗಳು ಒಮ್ಮೆಲೇ ನಿಂತವು. ಮೂಗಿನ ತನಕ ಇಳಿದ ಸೆರಗುಗಳೆಲ್ಲ ಇತ್ತ ತಿರುಗಿದವು. ಅವನದೇ ಮಾತು, ಮಠದಲ್ಲಿ ಅವನು ಎದೆಯುಬ್ಬಿಸಿ ಆಡಿದ ಮಾತು, ಆ ಬಿಸಿಲಲ್ಲಿ ಅವನ ಮುಂದೆಯೇ ಬಂದು ನಿಂತಿತ್ತು. ಬಳೆ ಸುಳ್ಳು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಗುರುಶಾಂತಪ್ಪನ ತುಟಿ ಅಲುಗಿತು. ಆಮೇಲೆ ಅವನು ತಲೆ ತಗ್ಗಿಸಿ ನನ್ನನ್ನು ಬಿಚ್ಚಿದ.

ಹತ್ತರಲ್ಲಿ ಆರು ಕಲ್ಲು ನನ್ನೊಳಗೆ ಹಾಯಲಿಲ್ಲ. ಒಂದೊಂದೂ ನನ್ನ ಅಂಚಿಗೆ ತಾಗಿ ಟಕ್ ಎಂದು ನಿಂತಾಗ ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ. ನೀಲವ್ವ ಕೂತು ಮತ್ತೆ ಒಡೆಯತೊಡಗಿದಳು. ಸಣ್ಣ ಕಲ್ಲನ್ನು ಇನ್ನೂ ಸಣ್ಣ ಮಾಡಬೇಕಾದರೆ ಬೆರಳಿನಲ್ಲೇ ಹಿಡಿಯಬೇಕು. ಹೊತ್ತು ಇಳಿಯುವ ಮುಂಚೆ ಸುತ್ತಿಗೆ ಜಾರಿ ಆಕೆಯ ಬಲಗೈ ಹೆಬ್ಬೆಟ್ಟಿನ ಮೇಲೆ ಬಿತ್ತು. ಎಡಗೈಯವಳು ಆಕೆ, ಬಲಗೈಯಲ್ಲೇ ಕಲ್ಲು ಹಿಡಿಯುತ್ತಿದ್ದಳು. ಓಬಳಪ್ಪ ಓಡಿ ಬಂದು ತನ್ನ ರುಮಾಲು ಹರಿದು ಕಟ್ಟಿದ. ಸೆರಗು ಜಾರಿ ಮುಖ ಕಂಡಿತು. ಮೊದಲು ಸೆರಗನ್ನು ಎಳೆದುಕೊಂಡಳು, ಆಮೇಲೆ ಕೈ ನೋಡಿಕೊಂಡಳು.

ಮರುದಿನ ಬೆಳಿಗ್ಗೆ ಗುರುಶಾಂತಪ್ಪ ನನ್ನನ್ನು ಅಂಗಿಯೊಳಗೆ ಇಡಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಊರ ನಡುವೆ ನಡೆದು, ಓವರ್ಸಿಯರ್ ಸಾಹೇಬರ ಡೇರೆಗೆ ಹೋಗಿ, ಟೇಪಿನ ಜೊತೆ ನನ್ನನ್ನು ಮೇಜಿನ ಮೇಲಿಟ್ಟ. ಸಾಹೇಬರು ಅಳೆದರು, ಹುಬ್ಬು ಏರಿಸಿದರು. ಅವರು ಕೆಟ್ಟವರೇನಲ್ಲ. ಹೊಸ ಬಳೆ ತರಿಸುತ್ತೇನೆ ಎಂದರು, ಮಾತಿನಂತೆ ತರಿಸಿದರು. ಆದರೆ ನಪಾಸಾದ ರಾಶಿಗಳನ್ನು ಈಗ ಪಾಸು ಎಂದು ಬರೆಯಲು ನಿಯಮ ಇಲ್ಲ ಎಂದರು. ಯಾವತ್ತು ಗೊತ್ತಾಯಿತು ಎಂದು ಕೇಳಿದ್ದಕ್ಕೆ ಗುರುಶಾಂತಪ್ಪ, "ನಿನ್ನೆರೀ" ಎಂದ. ನಾನು ಮೇಜಿನ ಮೇಲೆ ತಣ್ಣಗಾದೆ.

"ನೇಕಾರರ ಅರ್ಜಿ ಈಗ ಕೊಟ್ರ ನಡೀತೈತೇನ್ರಿ?" ಎಂದು ಆಮೇಲೆ ಕೇಳಿದ.

"ನಡೀತದ. ಸಹಿ ಆಗಬೇಕು. ಮೊದಲನೇ ಸಾಲು ಬದಲಿ ಮಾಡೂ ಹಂಗಿಲ್ಲ ನೋಡ್ರಿ" ಎಂದರು ಸಾಹೇಬರು.

ಹಿರಿಯರು ಮತ್ತೆ ಮಠದಲ್ಲಿ ಕೂಡಿದರು. ಗುರುಶಾಂತಪ್ಪ ಜಮಖಾನೆಯ ನಡುವೆ ನನ್ನನ್ನು ಇಟ್ಟು, ರುಮಾಲು ತೆಗೆದು ಪಕ್ಕಕ್ಕಿಟ್ಟ. ಬರಿ ತಲೆಯಲ್ಲಿ ಅವನನ್ನು ಆ ಜನ ಮೊದಲ ಸಲ ನೋಡಿದ್ದು. "ನಾ ಐದನೇ ಮೈಲಿನ ಮೇಸ್ತ್ರಿ ಅದೀನಿ. ನಿಮ್ಮ ಮನಿ ಹೆಣ್ಮಕ್ಕಳು ಸುಳ್ಳ ಹೆಸರ ಹೇಳಿ ನನ್ನ ಮುಂದ ಕಲ್ಲ ಒಡೀತಾರ. ನಾ ಗುರ್ತ ಸಿಕ್ಕರೂ ಸುಳ್ಳ ಹೆಸರನ ಬರಕೊಂಡೀನಿ. ಈ ಬಳಿ ಸಣ್ಣ ಐತಿ, ಅದರಿಂದ ನೀಲವ್ವನ ಹೆಬ್ಬೆಟ್ಟ ಹೋತು. ಅಂದು ನಾ ಬರೀಬ್ಯಾಡ್ರಿ ಅಂದೆ. ಇಂದು ಮೊದಲ ನಾ ಬರೀತೀನಿ" ಎಂದು ದಿಕ್ಕಿಲ್ಲದ ದರಿದ್ರರು ಎಂಬ ಸಾಲಿನ ಕೆಳಗೆ ತನ್ನ ಹೆಸರನ್ನು ದುಂಡಗೆ ಬರೆದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಒಬ್ಬೊಬ್ಬರಾಗಿ ಎದ್ದು ಬಂದು ಬರೆದರು. ಎಲ್ಲವನ್ನೂ ಹೇಳಿದ ಗುರುಶಾಂತಪ್ಪ ಆ ಹನ್ನೊಂದು ದಿನವನ್ನು ಮಾತ್ರ ಅಲ್ಲಿಯೂ ಹೇಳಲಿಲ್ಲ. ನಾನು ಅಳತೆಯಲ್ಲಿ ಕಾಲಿಂಚು ಕಡಿಮೆ, ಅವನ ಮಾತು ಹನ್ನೊಂದು ದಿನ ಕಡಿಮೆ.

ಒಂದೂವರೆ ತಿಂಗಳಿಗೆ ನೂಲು ಬಂತು. ಸೀರೆಯ ನೂಲಲ್ಲ, ಆಸ್ಪತ್ರೆಯ ಹಾಸಿಗೆ ವಸ್ತ್ರಕ್ಕೆ ದಪ್ಪ ಬಿಳಿ ನೂಲು. ಆದರೂ ಬಿಳೇನೂರಿನಲ್ಲಿ ಮತ್ತೆ ಮಗ್ಗದ ಸಪ್ಪಳ ಎದ್ದಿತು, ಮುಖ ಮುಚ್ಚಿಕೊಂಡು ಹೋದ ಹೆಂಗಸರು ಮುಖ ತೆರೆದು ಕಂಡಿಕೆಗೆ ನೂಲು ಸುತ್ತಿದರು. ನೀಲವ್ವನೂ ಹಾಸಿಗೆ ವಸ್ತ್ರ ನೇಯ್ದಳು. ಅದಕ್ಕೆ ಹೆಬ್ಬೆಟ್ಟು ಬೇಕಿರಲಿಲ್ಲ.

ಹೆಬ್ಬೆಟ್ಟು ಬೇಕಾದದ್ದು ಧಾರಣೆ ಏರಿ ಸೀರೆಯ ಕಾಲ ತಿರುಗಿ ಬಂದಾಗ. ಮೂರು ವರ್ಷದ ಮೇಲೆ ಗುರುಶಾಂತಪ್ಪನ ಮಗ್ಗಕ್ಕೆ ರೇಷ್ಮೆ ಏರಿದ ದಿನ ನೀಲವ್ವ ಎಂದಿನಂತೆ ಬಂದು ಕೊಂಡಿಗೆ ಕೂತಳು. ಬೆರಳು ಎಳೆಯನ್ನು ಹುಡುಕಿತು; ಕಲ್ಲಾದ ಚರ್ಮಕ್ಕೆ ಎಳೆ ಸಿಗಲಿಲ್ಲ. ಸಿಕ್ಕಿದ್ದು ಒರಟಿಗೆ ತೊಡರಿ ತುಂಡಾಯಿತು. ಎರಡನೆಯದೂ ಹಾಗೆಯೇ. ಐದನೆಯ ಎಳೆ ತುಂಡಾದ ಮೇಲೆ ಆಕೆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, "ಬ್ಯಾರೇದಾರನ್ನ ಹಚ್ಚರಿ ಸಾವಕಾರ್ರ" ಎಂದು ಎದ್ದು ಹೋದಳು. ಗೋಡೆಯ ಗೂಟಕ್ಕೆ ತೂಗುಹಾಕಿದ್ದ ನಾನು ಅದನ್ನೆಲ್ಲ ನೋಡಿದೆ. ಸಾಹೇಬರು ಎಸೆ ಎಂದಿದ್ದ ನನ್ನನ್ನು ಗುರುಶಾಂತಪ್ಪ ಯಾಕೆ ಎಸೆಯಲಿಲ್ಲವೋ ನನಗೆ ಗೊತ್ತಿಲ್ಲ. ಕಣ್ಣೆದುರಿಗೆ ಇಟ್ಟುಕೊಂಡರೆ ಶಿಕ್ಷೆ ತೀರುತ್ತದೆ ಎಂದುಕೊಂಡಿದ್ದನೇನೋ. ತೀರಲಿಲ್ಲ.

ಮುಪ್ಪಾಗಿ ಕೋಲು ಹಿಡಿದ ಮೇಲೆ ಒಂದು ದಿನ ಅವನು ನನ್ನನ್ನು ಗೋಡೆಯಿಂದ ಇಳಿಸಿ ನೀಲವ್ವನ ಮನೆಗೆ ಹೋದ. ಆಕೆ ಒಂಟಿ ಮಗ್ಗದಲ್ಲಿ ಸಾದಾ ಬಟ್ಟೆ ನೇಯುತ್ತಿದ್ದಳು. ಕೂತು ನೀರು ಕುಡಿದು, ನನ್ನನ್ನು ನೆಲದ ಮೇಲಿಟ್ಟ.

"ನೀಲವ್ವ, ಇದು ಸಣ್ಣ ಇತ್ತು."

"ಮಠದಾಗ ಹೇಳಿದ್ರಲ್ಲ, ಕೇಳೀನಿ."

"ನಿನ್ನ ಹೆಬ್ಬೆಟ್ಟ ಜಜ್ಜಿದ ದಿನ... ಅವತ್ತ ನನಗ ಗೊತ್ತಿತ್ತು. ಹನ್ನೊಂದು ದಿನದಿಂದ ಗೊತ್ತಿತ್ತು."

ಲಾಳಿ ನಿಂತಿತು. ನೀಲವ್ವ ಅವನನ್ನಲ್ಲ, ನನ್ನನ್ನೇ ನೋಡಿದಳು.

"ನನಗೂ ಗೊತ್ತಿತ್ತ್ರಿ" ಎಂದಳು. "ಹದಿನಾಕ ವರ್ಷ ನಿಮ್ಮ ಸೀರಿ ಅಂಚಿನ ಮ್ಯಾಗ ಬೆರಳ ಆಡಿಸೀನಿ. ಎರಡಿಂಚ ಯಾವದು ಅಂತ ನನಗ ತಿಳಿಯಂಗಿಲ್ಲೇನು? ಮೊದಲನೇ ದಿನ ಈ ಬಳಿ ಮುಟ್ಟಿದಾಗನ ತಿಳೀತು."

"ಮತ್ತ ಯಾಕ ಬಾಯಿ ಬಿಡಲಿಲ್ಲ?"

"ಹೊಸೂರ ಯಲ್ಲವ್ವಗ ಇಂಚಿನ ಅಳತಿ ಹ್ಯಾಂಗ ಗೊತ್ತಿರಬೇಕ್ರಿ? ಬಾಯಿ ಬಿಟ್ಟಿದ್ರ ನೇಕಾರಾಕಿ ಅಂತ ಎಲ್ಲಾರಿಗೂ ಗೊತ್ತಾಗತಿತ್ತು."

ಗುರುಶಾಂತಪ್ಪ ಅತ್ತ. ಎಪ್ಪತ್ತು ವರ್ಷದ ಮನುಷ್ಯ, ಇಸ್ತ್ರಿಯ ರುಮಾಲಿನಿಂದ ಕಣ್ಣೊರೆಸಿಕೊಂಡು ಅತ್ತ. ಅವನು ಹೋದ ಮೇಲೆ ನೀಲವ್ವ ನನ್ನನ್ನು ಎತ್ತಿ, ಹಾಸಿನ ನೂಲು ಬಿಗಿಯಾಗಿ ನಿಲ್ಲಲೆಂದು ಮಗ್ಗದ ಹಿಂದೆ ಕಟ್ಟುವ ಮರಳಿನ ಚೀಲದ ಹಗ್ಗಕ್ಕೆ ಸಿಕ್ಕಿಸಿದಳು. "ಭಾರಕ್ಕಾದ್ರೂ ಬರ್ತೈತಿ" ಎಂದಳು, ಮಗ್ಗಕ್ಕೋ ನನಗೋ.

ಅಂದಿನಿಂದ ನಾನು ಇಲ್ಲೇ ಇದ್ದೇನೆ. ಗುರುಶಾಂತಪ್ಪ ಹೋದ, ನೀಲವ್ವನೂ ಹೋದಳು. ಮಗ್ಗ ಬಿಚ್ಚಿ ಮೂಲೆಗೆ ಒರಗಿಸಿದ್ದಾರೆ, ಹಗ್ಗದಲ್ಲಿ ನಾನಿನ್ನೂ ತೂಗುತ್ತಿದ್ದೇನೆ. ಈಗಲೂ ಎಲ್ಲೋ ಪೇಟೆ ಬೀಳುತ್ತದೆ, ಸರಕಾರ ಏನೋ ಕೆಲಸ ತೆಗೆಯುತ್ತದೆ ಎಂದು ಮನೆಯವರು ಮಾತಾಡುವುದು ಕಿವಿಗೆ ಬೀಳುತ್ತದೆ. ಆಗೆಲ್ಲ ಒಂದೇ ಅಂಜಿಕೆ: ಅಲ್ಲಿ ಅಳೆಯಲು ಯಾವ ಬಳೆ ಇಟ್ಟಿದ್ದಾರೋ, ಅದನ್ನು ಯಾರಾದರೂ ಅಳೆದಿದ್ದಾರೋ ಇಲ್ಲವೋ. ಎದುರಿಗೆ ಕೂತವರಲ್ಲಿ ಎಷ್ಟು ಜನಕ್ಕೆ ಅದು ಗೊತ್ತಿದೆಯೋ, ಎಷ್ಟು ಜನ ಸೆರಗು ಎಳೆದುಕೊಂಡು ಸುಮ್ಮನಿದ್ದಾರೋ.

ನೀಲವ್ವ ಬದುಕಿದ್ದಾಗ ಕೆಲಸ ಮುಗಿದ ಮೇಲೆ ಒಮ್ಮೊಮ್ಮೆ ಬಂದು ಆ ಬಲಗೈ ಹೆಬ್ಬೆಟ್ಟಿನಿಂದ ನನ್ನ ಒಳ ಅಂಚನ್ನು ಸುತ್ತ ಸವರುತ್ತಿದ್ದಳು. ಒಂದು ಕಾಲಕ್ಕೆ ಮುಟ್ಟಿದೊಡನೆ ನನ್ನ ಸುಳ್ಳನ್ನು ಹಿಡಿದ ಬೆರಳು ಅದು. ಆಮೇಲೆ ಸವರಿ ಸವರಿ ನೋಡುತ್ತಿತ್ತು, ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ.